ಸರಿಯುವ ದಡಗಳ ನಕ್ಷೆಗಾರ

ನಕ್ಷೆಯೊಂದು ಆಡಳಿತಗಾರನ ಮೇಜಿಗೆ ಬಂದೊಡನೆ ಶಾಸನದ ಗೌರವ ಪಡೆಯುತ್ತದೆ. ಗೆರೆ ಎಳೆದ ಮೇಲೂ ನೆಲ-ನೀರು ಚಲಿಸುತ್ತಲೇ ಇರುತ್ತವೆ ಎಂಬುದನ್ನು ಕಡತಗಳು ಮರೆಯುತ್ತವೆ. ಕಂದಾಯ ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಈ ಮರೆವು ಅಪರಿಚಿತವಲ್ಲ. ಸಮುದ್ರ ನುಂಗಿದ ಜಮೀನಿನ ಸರ್ವೆ ನಂಬರು ಪಹಣಿಯಲ್ಲಿ ವರ್ಷಗಟ್ಟಲೆ ಜೀವಂತವಾಗಿರುವುದನ್ನು ಕಂಡಿದ್ದೇನೆ. ಜೇಮ್ಸ್ ರೆನೆಲ್‌ನ ಬದುಕು ನನಗೆ ಮುಖ್ಯವೆನಿಸುವುದು ಈ ಕಾರಣದಿಂದ.

1742ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ಜನಿಸಿದ ರೆನೆಲ್ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ. ಹದಿಹರೆಯದಲ್ಲಿ ನೌಕಾಪಡೆ ಸೇರಿ, ಅಲ್ಲಿಯೇ ಸಮುದ್ರ ಸರ್ವೇಕ್ಷಣೆ ಕಲಿತ. 1764ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆತನನ್ನು ಬಂಗಾಳದ ನದಿಗಳ ಅಳತೆಗೆ ನೇಮಿಸಿತು. ಬೇಸಿಗೆಯಲ್ಲೂ ಗಂಗೆಯಿಂದ ಕಲ್ಕತ್ತೆಗೆ ದೋಣಿ ಸಾಗಬಲ್ಲ ಜಲಮಾರ್ಗವನ್ನು ಹುಡುಕುವುದು ಆತನ ಮೊದಲ ಕೆಲಸ. ಮರುವರ್ಷ ಬಂಗಾಳದ ದಿವಾನಿ ಹಕ್ಕು ಕಂಪನಿಗೆ ದೊರೆತಾಗ ನಕ್ಷೆ ಕಂದಾಯದ ಸಾಧನವೂ ಆಯಿತು. 1766ರಲ್ಲಿ ಭೂತಾನದ ಗಡಿಯ ಬಳಿ ಸನ್ಯಾಸಿ-ಫಕೀರರ ತಂಡದೊಡನೆ ನಡೆದ ಘರ್ಷಣೆಯಲ್ಲಿ ಆತ ತೀವ್ರವಾಗಿ ಗಾಯಗೊಂಡ. ಮರುವರ್ಷವೇ, ಇಪ್ಪತ್ತನಾಲ್ಕರ ಹರೆಯದಲ್ಲಿ, ಬಂಗಾಳದ ಸರ್ವೇಯರ್ ಜನರಲ್ ಆದ. 1777ರಲ್ಲಿ ಸ್ವದೇಶಕ್ಕೆ ಮರಳಿ ಬಂಗಾಳದ ಅಟ್ಲಾಸ್ ಪ್ರಕಟಿಸಿದ. ಟಿಪ್ಪುವಿನ ರಾಜ್ಯವನ್ನು ಹಂಚಿದ 1792ರ ಒಪ್ಪಂದದ ಗಡಿಗಳನ್ನು ತೋರಿಸುವ ದಕ್ಷಿಣ ಭಾರತದ ನಕ್ಷೆಯೂ ಆತನದೇ.

ರೆನೆಲ್ ದುಡಿದದ್ದು ವ್ಯಾಪಾರಿ ಕಂಪನಿಯ ಲಾಭಕ್ಕಾಗಿ. ಅದರ ಆಳ್ವಿಕೆಯಲ್ಲೇ 1770ರ ಘೋರ ಕ್ಷಾಮ ಬಂಗಾಳವನ್ನು ಹಿಂಡಿತು. ಆದರೆ ಆತನ ಕಣ್ಣು ಕಂದಾಯಕ್ಕೆ ಸೀಮಿತವಾಗಿರಲಿಲ್ಲ. ಗಂಗಾ-ಬ್ರಹ್ಮಪುತ್ರಗಳನ್ನು ಕುರಿತು 1781ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಕುಸಿಯುವ ದಡ, ಹೂಳಿನಿಂದ ಮೇಲೇಳುವ ದ್ವೀಪ, ಪಾತ್ರ ಬದಲಿಸುವ ನದಿಗಳನ್ನು ಆತ ವಿವರಿಸಿದ. ಈ ಮುಖಜಭೂಮಿ ನಿರಂತರವಾಗಿ ಕಟ್ಟುತ್ತ, ಕೆಡವುತ್ತ ಸಾಗುವ ಪ್ರಕ್ರಿಯೆ ಎಂಬ ಅರಿವು ಅಲ್ಲಿದೆ.

ಪ್ರಕೃತಿ ಆ ಮಾತನ್ನು ಆತನ ಜೀವಿತಾವಧಿಯಲ್ಲೇ ಸಾಬೀತುಪಡಿಸಿತು. ರೆನೆಲ್‌ನ ನಕ್ಷೆಯಲ್ಲಿ ಬ್ರಹ್ಮಪುತ್ರ ಮಧುಪುರದ ಎತ್ತರದ ನೆಲಕ್ಕೆ ಪೂರ್ವದಲ್ಲಿ ಹರಿಯುತ್ತದೆ. 1787ರ ತೀಸ್ತಾ ಪ್ರವಾಹದ ನಂತರದ ದಶಕಗಳಲ್ಲಿ ಅದರ ಮುಖ್ಯಧಾರೆ ಪಶ್ಚಿಮಕ್ಕೆ ಹೊರಳಿ ಇಂದಿನ ಜಮುನಾ ಆಯಿತು. 1830ರಲ್ಲಿ ಆತ ತೀರಿಕೊಂಡು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾಗುವ ವೇಳೆಗೆ ಆ ನಕ್ಷೆ ಹಳೆಯದಾಗಿತ್ತು. ಇಂದು ಅದರ ಬೆಲೆ ಇರುವುದೂ ಅಲ್ಲಿಯೇ. ಇನ್ನೂರೈವತ್ತು ವರ್ಷಗಳಲ್ಲಿ ಮೇಘನಾ ಮುಖದಲ್ಲಿ ಎಷ್ಟು ನೆಲ ಬೆಳೆಯಿತು, ಸುಂದರಬನದ ಪಶ್ಚಿಮ ಅಂಚು ಎಷ್ಟು ಸವೆಯಿತು ಎಂದು ಅಳೆಯುವ ಸಂಶೋಧಕರು ಆರಂಭಬಿಂದುವಿಗಾಗಿ ರೆನೆಲ್ ಕಾಲದ ನಕ್ಷೆಗಳ ಮೊರೆಹೋಗುತ್ತಾರೆ.

ಇಂಥ ನೆಲದಲ್ಲಿ ಸ್ಥಿರ ಗೆರೆಯನ್ನು ನಂಬಿದರೆ ಏನಾಗುತ್ತದೆ? 1970ರ ಚಂಡಮಾರುತದ ನಂತರ ಹರಿಯಾಭಂಗಾ ನದೀಮುಖದಲ್ಲಿ ಕಾಣಿಸಿಕೊಂಡ ನ್ಯೂ ಮೂರ್ ದ್ವೀಪಕ್ಕಾಗಿ ಭಾರತ, ಬಾಂಗ್ಲಾದೇಶಗಳು ದಶಕಗಳ ಕಾಲ ವಾದಿಸಿದವು. 2010ರ ಹೊತ್ತಿಗೆ ದ್ವೀಪವೇ ಮುಳುಗಿತ್ತು. ಸಾಗರ ಗಡಿಯ ತೀರ್ಪು ಬಂದದ್ದು 2014ರಲ್ಲಿ. ಅದೇ ವಲಯದ ಮ್ಯಾಂಗ್ರೋವ್ ಕಾಡು ಹೂಳನ್ನು ಹಿಡಿದು ದಡ ಕಟ್ಟುತ್ತದೆ, ಅಲೆಯ ರಭಸ ತಗ್ಗಿಸುತ್ತದೆ. ಆದರೆ ಹೂಳೂ ಸಿಹಿನೀರೂ ಕಡಿಮೆಯಾದೆಡೆ ಅದೂ ಸೊರಗುತ್ತದೆ. 2009ರ ಐಲಾ, 2020ರ ಅಂಫಾನ್ ಚಂಡಮಾರುತಗಳು ಅಲ್ಲಿನ ಒಡ್ಡುಗಳನ್ನು ಒಡೆದು ಹೊಲಗಳಿಗೆ ಉಪ್ಪುನೀರು ನುಗ್ಗಿಸಿದವು.

ನಮ್ಮ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಕಡಲಂಚಿನ ಬದಲಾವಣೆ ಹಾಗೂ ಸಮುದ್ರಮಟ್ಟದ ಏರಿಕೆಯನ್ನು ಗಣಿಸುವ ಅಪಾಯ ರೇಖೆಯನ್ನು ಮಾನ್ಯ ಮಾಡುತ್ತದೆ, ನಿಜ. ಆದರೆ ಅದನ್ನು ವಿಪತ್ತು ನಿರ್ವಹಣೆಯ ಸಾಧನವಾಗಿಸಿದೆಯೇ ಹೊರತು, ಕಟ್ಟಡ ತಡೆಯುವ ಬಲವನ್ನು ಅದಕ್ಕೆ ನೀಡಿಲ್ಲ. ಆ ಬಲ ನೀಡಬೇಕು. ಪ್ರತಿ ಕರಾವಳಿ ನಕ್ಷೆಗೂ ಅಳತೆಯ ದಿನಾಂಕ ಮತ್ತು ಮರುಅಳತೆಯ ಅವಧಿಯನ್ನು ಕಡ್ಡಾಯಗೊಳಿಸಬೇಕು. ಸರಪಳಿ, ದಿಕ್ಸೂಚಿಗಳನ್ನು ನೆಚ್ಚಿದ ರೆನೆಲ್‌ಗೆ ದಡ ಸರಿಯುತ್ತದೆಂಬುದು ತಿಳಿದಿತ್ತು. ಉಪಗ್ರಹಗಳಿರುವ ನಮಗೆ ತಿಳಿಯದು ಎನ್ನಲು ನೆಪವಿಲ್ಲ.