ಕಾಗದದಿಂದ ಎದ್ದು ನಿಂತ ಅಣು

ನಿಮ್ಮ ಮನೆಯಲ್ಲಿ ಬಿ.ಎಸ್ಸಿ. ಓದುವ ತಮ್ಮನೋ ತಂಗಿಯೋ ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. ಡೈಕ್ಲೋರೋಮೀಥೇನ್‌ನಲ್ಲಿ ಒಂದು ಇಂಗಾಲಕ್ಕೆ ಎರಡು ಜಲಜನಕ, ಎರಡು ಕ್ಲೋರಿನ್ ಸೇರಿಕೊಂಡಿವೆ. ಹೀಗೆ ಎಷ್ಟು ಬಗೆಯ ಅಣು ಸಾಧ್ಯ? ಕಾಗದದ ಮೇಲೆ ಬರೆದಾಗ ಕ್ಲೋರಿನ್‌ಗಳು ಅಕ್ಕಪಕ್ಕ ಇದ್ದರೆ ಒಂದು, ಎದುರುಬದುರು ಇದ್ದರೆ ಇನ್ನೊಂದು, ಒಟ್ಟು ಎರಡು ಎನ್ನುವವರು ಸಿಕ್ಕೇ ಸಿಗುತ್ತಾರೆ. ಸರಿಯುತ್ತರ ಒಂದೇ. ಬಂಧಗಳ ನಡುವಿನ ಕೋನ ಸುಮಾರು 109.5 ಡಿಗ್ರಿ ಎಂದು ಬಾಯಿಪಾಠ ಒಪ್ಪಿಸುವವರೂ ಇಲ್ಲಿ ಎಡವುವುದುಂಟು. ಬಾಯಿಗೆ ಬಂದದ್ದು ಕಣ್ಣಿಗೆ ಬಂದಿರುವುದಿಲ್ಲ.

ಹಾಲೆಂಡಿನ ಯಾಕೋಬುಸ್ ವಾಂಟ್ ಹಾಫ್ ಬಿಡಿಸಿದ್ದು ಇದೇ ಗಂಟನ್ನು. 1852ರಲ್ಲಿ ರಾಟರ್‌ಡ್ಯಾಮ್ ನಗರದ ವೈದ್ಯರೊಬ್ಬರ ಮನೆಯಲ್ಲಿ ಹುಟ್ಟಿದ ಅವರು ಡೆಲ್ಫ್ಟ್, ಲೈಡನ್, ಬಾನ್, ಪ್ಯಾರಿಸ್ ಎಂದು ಊರೂರು ಸುತ್ತಿ ಕಲಿತರು. ಆಗ ರಸಾಯನಶಾಸ್ತ್ರಜ್ಞರೂ ಅಣುವನ್ನು ಚಪ್ಪಟೆಯಾಗಿಯೇ ಬರೆಯುತ್ತಿದ್ದರು. ಆದರೆ ಹುಳಿ ಹಾಲಿನ ಲ್ಯಾಕ್ಟಿಕ್ ಆಮ್ಲಕ್ಕೂ ಮಾಂಸಖಂಡದ ಲ್ಯಾಕ್ಟಿಕ್ ಆಮ್ಲಕ್ಕೂ ರಚನಾಸೂತ್ರ ಒಂದೇ, ಬೆಳಕಿನ ಮೇಲಿನ ಪರಿಣಾಮ ಮಾತ್ರ ಬೇರೆ. ಚಪ್ಪಟೆ ಚಿತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

1874ರ ಸೆಪ್ಟೆಂಬರ್‌ನಲ್ಲಿ, ಡಾಕ್ಟರೇಟ್ ಕೂಡ ಕೈಸೇರುವ ಮೊದಲೇ, 22ರ ಈ ತರುಣ ಡಚ್ ಭಾಷೆಯಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರು. ಇಂಗಾಲದ ನಾಲ್ಕು ಬಂಧಗಳು ನಾಲ್ಕು ಮುಖಗಳ ಪಿರಮಿಡ್ಡಿನ ಮೂಲೆಗಳತ್ತ ಚಾಚಿರುತ್ತವೆ ಎಂಬುದು ಅದರ ತಿರುಳು. ನಾಲ್ಕೂ ಮೂಲೆಗಳಲ್ಲಿ ಬೇರೆ ಬೇರೆ ಗುಂಪುಗಳಿದ್ದರೆ ಎಡಗೈ-ಬಲಗೈಗಳಂತೆ ಎರಡು ರೂಪ. ಡೈಕ್ಲೋರೋಮೀಥೇನ್‌ನಲ್ಲಿ ಹೇಗೆ ತಿರುಗಿಸಿದರೂ ಒಂದೇ ರೂಪ. ಫ್ರಾನ್ಸಿನ ಲ ಬೆಲ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇಂಥದೇ ನಿರ್ಣಯಕ್ಕೆ ಬಂದಿದ್ದರು. ವಾಂಟ್ ಹಾಫ್ ಬರೆದು ಸುಮ್ಮನಾಗಲಿಲ್ಲ, ರಟ್ಟಿನ ಪುಟ್ಟ ಪಿರಮಿಡ್ಡುಗಳನ್ನು ಮಾಡಿ ಹಿರಿಯ ವಿಜ್ಞಾನಿಗಳಿಗೆ ಕಳುಹಿಸಿದರು. ಕೈಯಲ್ಲಿ ಹಿಡಿದು ತಿರುಗಿಸದೆ ಇದು ತಲೆಗೆ ಹೋಗದು ಎಂಬುದು ಅವರಿಗೆ ಗೊತ್ತಿತ್ತು.

ಜರ್ಮನಿಯ ಹೆಸರಾಂತ ಪ್ರಾಧ್ಯಾಪಕ ಕೋಲ್ಬೆ 1877ರಲ್ಲಿ ಬಲವಾಗಿ ಗೇಲಿ ಮಾಡಿದರು. ಉಟ್ರೆಕ್ಟ್‌ನ ಪಶುವೈದ್ಯ ಶಾಲೆಯಲ್ಲಿ ಪಾಠ ಹೇಳುವವನು ರೆಕ್ಕೆಯ ಕುದುರೆ ಏರಿ ಹೊರಟಿದ್ದಾನೆ ಎಂಬ ಧಾಟಿ ಅವರದು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಧ್ಯಾಪಕರಾದ ವಾಂಟ್ ಹಾಫ್, ವಿಜ್ಞಾನದಲ್ಲಿ ಕಲ್ಪನಾಶಕ್ತಿಯ ಪಾತ್ರವನ್ನೇ ತಮ್ಮ ಮೊದಲ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡರು. ಇದಕ್ಕಿಂತ ಸಭ್ಯ ಉತ್ತರ ಇನ್ನಾವುದಿದ್ದೀತು!

1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಅವರಿಗೆ ಸಂದಿತು. ಅದು ಪಿರಮಿಡ್ಡಿಗಲ್ಲ, ರಾಸಾಯನಿಕ ಕ್ರಿಯೆಗಳ ವೇಗ ಮತ್ತು ದ್ರಾವಣಗಳ ಪರಾಸರಣ ಒತ್ತಡದ ನಿಯಮಗಳಿಗೆ. ಕ್ವಿಜ್‌ಗೆ ತಯಾರಾಗುವವರು ಗಮನಿಸಿ. 1911ರ ಮಾರ್ಚ್ 1ರಂದು ಬರ್ಲಿನ್ ಬಳಿ ಅವರು ತೀರಿಕೊಂಡರು.

ಇನ್ನು ನಿಮ್ಮ ತಮ್ಮನೋ ತಂಗಿಯೋ ಎರಡು ಎಂದಿದ್ದರೆ ಬೈಯಬೇಡಿ. ಅಡುಗೆಮನೆಯಿಂದ ಒಂದು ಆಲೂಗಡ್ಡೆ, ನಾಲ್ಕು ಬೆಂಕಿಕಡ್ಡಿ ತಂದುಕೊಡಿ.