ಸ್ವರದ ಜಾಗ ಹುಡುಕಿದ ಉಸ್ತಾದ್ ಅಬ್ದುಲ್ ಕರೀಂ ಖಾನ್

ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ ಎಂಬ ಊರಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವರು ಗಂಗೂಬಾಯಿ ಹಾನಗಲ್. ಅವರ ಗುರುಗಳು ಕುಂದಗೋಳದ ಸವಾಯಿ ಗಂಧರ್ವರು. ಇಷ್ಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಸವಾಯಿ ಗಂಧರ್ವರಿಗೆ ಕಲಿಸಿದವರು ಯಾರು? ಅವರೇ ಉಸ್ತಾದ್ ಅಬ್ದುಲ್ ಕರೀಂ ಖಾನ್. ನಾನು ಕಾಮರ್ಸ್ ವಿದ್ಯಾರ್ಥಿ. ಸಂಗೀತದ ಬಗ್ಗೆ ನಾನೇಕೆ ಬರೆಯಬೇಕು ಎಂದು ಸ್ನೇಹಿತರು ಕೇಳಬಹುದು. ಖಾನ್ ಸಾಹೇಬರ ಜೀವನದಲ್ಲಿ ನಾವು ಅಕೌಂಟೆನ್ಸಿಯಲ್ಲಿ ಓದುವ ಅನುಪಾತವೂ ಬರುತ್ತದೆ, ನಮ್ಮ ಮನೆಯ ಉರ್ದುವೂ ಬರುತ್ತದೆ, ನಮ್ಮ ಕನ್ನಡ ನಾಡೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಬ್ದುಲ್ ಕರೀಂ ಖಾನ್ 1872ರಲ್ಲಿ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಆ ಊರಿನಿಂದಲೇ ಅವರ ಹಾಡುಗಾರಿಕೆಗೆ ಕಿರಾನಾ ಘರಾನಾ ಎಂಬ ಹೆಸರು ಬಂತು. ತಂದೆ ಕಾಲೇ ಖಾನ್ ಮತ್ತು ಚಿಕ್ಕಪ್ಪ ಅಬ್ದುಲ್ಲಾ ಖಾನ್ ಅವರೇ ಮೊದಲ ಗುರುಗಳು. ಹಾಡುವುದರ ಜೊತೆಗೆ ಸಾರಂಗಿ, ವೀಣೆಗಳನ್ನೂ ಅವರು ಬಲ್ಲವರಾಗಿದ್ದರು. ಯುವಕರಾಗಿದ್ದಾಗ ತಮ್ಮ ಅಬ್ದುಲ್ ಹಕ್ ಜೊತೆ ಬರೋಡಾ ಸಂಸ್ಥಾನದಲ್ಲಿ ಹಾಡಿದರು. ಅಲ್ಲಿಂದ ಹೊರಟು ಮುಂದೆ ಮಹಾರಾಷ್ಟ್ರದ ಮೀರಜ್‌ನಲ್ಲಿ ನೆಲೆಸಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಒಬ್ಬ ಮುಸ್ಲಿಂ ಉಸ್ತಾದರು ತಮ್ಮ ಶಾಲೆಗೆ ಇಟ್ಟ ಹೆಸರನ್ನು ಗಮನಿಸಿ. ವಿದ್ಯೆ ಕೇಳಿ ಬಂದವರ ಜಾತಿ ಧರ್ಮವನ್ನು ಅವರು ನೋಡಲಿಲ್ಲ.

ಮೈಸೂರು ಅರಮನೆಗೂ ಅವರು ಹೋಗಿ ಹಾಡುತ್ತಿದ್ದರು. ಅರಮನೆ ಅವರಿಗೆ ಸಂಗೀತ ರತ್ನ ಎಂಬ ಬಿರುದು ಕೊಟ್ಟಿತು. ಮೀರಜ್‌ನಿಂದ ಹುಬ್ಬಳ್ಳಿಯ ಮೇಲೆ ದಕ್ಷಿಣಕ್ಕೆ ಬರುವ ರೈಲು ಹಾದಿ ನಮ್ಮ ಹಾವೇರಿ, ರಾಣೆಬೆನ್ನೂರು ಸ್ಟೇಷನ್‌ಗಳನ್ನು ದಾಟಿಯೇ ಮುಂದೆ ಹೋಗುತ್ತದೆ. ಮೇಡ್ಲೇರಿಯಿಂದ ಕಾಲೇಜಿಗೆ ಬರುವ ನಮಗೆ ಆ ಹೆಸರುಗಳು ದೂರದವಲ್ಲ. ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಖಾನ್ ಸಾಹೇಬರು ಹಾಡುತ್ತಿದ್ದರು. ಧಾರವಾಡದಲ್ಲಿ ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಹಾಡುತ್ತಿದ್ದ ಕರ್ನಾಟಕ ಸಂಗೀತವನ್ನು ಅವರ ಮನೆಗೇ ಬಂದು ಕೂತು ಕೇಳುತ್ತಿದ್ದರಂತೆ. ದೊಡ್ಡ ಉಸ್ತಾದರಾದರೂ ಕೇಳಿ ಕಲಿಯಲು ಅವರಿಗೆ ಸಂಕೋಚವಿರಲಿಲ್ಲ.

ಹಾಗೆ ಕೇಳಿ ಕಲಿತದ್ದರಲ್ಲಿ ಒಂದು, ಸ್ವರದ ಹೆಸರನ್ನೇ ಹಾಡುವುದು. ಸ ರಿ ಗ ಮ ಎಂದು ಹೆಸರು ಹೇಳುತ್ತಲೇ ರಾಗ ಬೆಳೆಸುವುದು ದಕ್ಷಿಣದಲ್ಲಿ ಬಹಳ ಬಳಕೆಯಲ್ಲಿತ್ತು. ಖಾನ್ ಸಾಹೇಬರು ಅದನ್ನು ತಮ್ಮ ಹಿಂದೂಸ್ತಾನಿ ಗಾಯನದಲ್ಲಿ ತಂದರು. ತ್ಯಾಗರಾಜರ ಕೃತಿಯನ್ನು ಹಾಡಿ ರೆಕಾರ್ಡ್ ಕೂಡ ಮಾಡಿದರು.

ಈಗ ಸ್ವರದ ಹೆಸರು ಮತ್ತು ಸ್ವರದ ಜಾಗದ ವಿಷಯಕ್ಕೆ ಬರೋಣ. ಗಿಟಾರಿನ ಕತ್ತಿನ ಮೇಲೆ ಅಡ್ಡ ತಂತಿಗಳಿರುತ್ತವೆ. ಅವನ್ನು ಫ್ರೆಟ್ ಎನ್ನುತ್ತೇವೆ. ವೀಣೆಯಲ್ಲಿ ಇದೇ ಮೆಟ್ಟಿಲು. ಸಿತಾರಿನಲ್ಲಿ ಇದಕ್ಕೆ ಪರ್ದಾ ಎನ್ನುತ್ತಾರೆ, ಅದು ನಮ್ಮ ಮನೆಯ ಮಾತಿನ ಶಬ್ದ. ವೀಣೆಯಲ್ಲಿ 24 ಮೆಟ್ಟಿಲು, ಅಂದರೆ ಒಂದು ಸಪ್ತಕಕ್ಕೆ 12. ಕರ್ನಾಟಕ ಸಂಗೀತದಲ್ಲಿ ಈ 12 ಜಾಗಗಳಿಗೆ 16 ಹೆಸರುಗಳಿವೆ. ಷಡ್ಜದಿಂದ ಎರಡನೇ ಮೆಟ್ಟಿಲಿಗೆ ಒಂದು ರಾಗದಲ್ಲಿ ಚತುಶ್ರುತಿ ರಿಷಭ ಎಂದರೆ ಇನ್ನೊಂದು ರಾಗದಲ್ಲಿ ಶುದ್ಧ ಗಾಂಧಾರ ಎನ್ನುತ್ತಾರೆ. ಹಿಂದೂಸ್ತಾನಿಯವರು ಅದನ್ನೇ ಶುದ್ಧ ರಿಷಭ ಎನ್ನುತ್ತಾರೆ. ಒಂದೇ ಜಾಗಕ್ಕೆ ಮೂರು ಹೆಸರು!

ಇದರ ಉಲ್ಟಾ ಕೂಡ ಇದೆ. ಒಂದೇ ಹೆಸರಿಗೆ ಬೇರೆ ಬೇರೆ ಜಾಗ. ನಮ್ಮ ಹಳೆಯ ಶಾಸ್ತ್ರಗ್ರಂಥಗಳು ಸಪ್ತಕದಲ್ಲಿ 22 ಶ್ರುತಿಗಳನ್ನು ಹೇಳುತ್ತವೆ. 13ನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ಬರೆದ ಸಂಗೀತ ರತ್ನಾಕರದಲ್ಲಿ ಪ್ರತಿ ಶ್ರುತಿಗೂ ಒಂದೊಂದು ಹೆಸರಿದೆ: ತೀವ್ರಾ, ಕುಮುದ್ವತಿ, ಮಂದಾ, ಛಂದೋವತಿ, ಹೀಗೆ. ಹೆಸರುಗಳು ಉಳಿದವು. ಆದರೆ ತಂತಿಯ ಮೇಲೆ ಅವು ಎಲ್ಲಿ ಕೂರುತ್ತವೆ ಎಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿರಲಿಲ್ಲ.

ಸಾಂಗಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೆ. ಬಿ. ದೇವಲ್ ಇದನ್ನು ಅಳೆಯಲು ಹೊರಟರು. ಅಳೆಯಲು ಶುದ್ಧವಾಗಿ ಹಾಡುವ ಗಂಟಲು ಬೇಕಲ್ಲ? ಆ ಗಂಟಲು ಖಾನ್ ಸಾಹೇಬರದು. ಅವರು ಹಾಡುವುದು, ದೇವಲ್ ಅವರು ಅದಕ್ಕೆ ತಂತಿ ಹೊಂದಿಸಿ ಉದ್ದದ ಲೆಕ್ಕ ಹಾಕುವುದು. 1910ರಲ್ಲಿ 22 ಶ್ರುತಿಗಳ ಬಗ್ಗೆ ದೇವಲ್ ಅವರ ಪುಸ್ತಕ ಬಂತು.

ಲೆಕ್ಕ ಕಷ್ಟದ್ದಲ್ಲ. ಸಾಮಾನ್ಯ ಗಿಟಾರಿನ ತಂತಿ ಸುಮಾರು 65 ಸೆಂ.ಮೀ. ಇರುತ್ತದೆ. ಪೂರ್ತಿ ತಂತಿ ಸ ಎಂದುಕೊಳ್ಳಿ. ಗ ಸ್ವರಕ್ಕೆ 5:4 ಅನುಪಾತ ಹಿಡಿದರೆ ಮಿಡಿಯುವ ತಂತಿ 52 ಸೆಂ.ಮೀ. ಆಗಬೇಕು. ಪ ಸ್ವರದ 3:2 ಅನುಪಾತವನ್ನೇ ಮತ್ತೆ ಮತ್ತೆ ಗುಣಿಸುತ್ತ ಹೋದರೆ ಸಿಗುವ ಗ ಬೇರೆ, ಅದು 81:64. ಅದಕ್ಕೆ 51.36 ಸೆಂ.ಮೀ. ಬೇಕು. ಆದರೆ ಅಂಗಡಿಯ ಗಿಟಾರಿನಲ್ಲಿ ಫ್ರೆಟ್ ಸುಮಾರು 51.59 ಸೆಂ.ಮೀ.ಗೆ ಬಡಿದು ಕೂರಿಸಿರುತ್ತಾರೆ. ಸಪ್ತಕವನ್ನು 12 ಸಮಪಾಲು ಮಾಡಿದ್ದರಿಂದ ಹೀಗೆ. ಹಾರ್ಮೋನಿಯಂ ಕತೆಯೂ ಸಾಮಾನ್ಯವಾಗಿ ಇದೇ. ಮೂರೂ ಜಾಗಗಳಿಗೆ ಬರೆಯುವಾಗ ನಾವು ಬರೆಯುವುದು ಒಂದೇ ಅಕ್ಷರ, ಗ. ಕೆಲವೇ ಮಿಲಿಮೀಟರ್ ಫರಕು ಎಂದು ಬಿಡಬಹುದು. ಆದರೆ ತಂಬೂರಿ ಜೊತೆ ಇಟ್ಟು ಕೇಳಿದರೆ ಆ ಫರಕು ಕಿವಿಗೆ ತಿಳಿಯುತ್ತದೆ.

ದೇವಲ್ ಮತ್ತು ಐ.ಸಿ.ಎಸ್. ಅಧಿಕಾರಿ ಇ. ಕ್ಲೆಮೆಂಟ್ಸ್ ಸೇರಿ ಎಲ್ಲ ಶ್ರುತಿಗಳೂ ಬರುವ ಶ್ರುತಿ ಹಾರ್ಮೋನಿಯಂ ಮಾಡಿಸಿದರು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದನ್ನು ತೋರಿಸಿದಾಗ ಅಲ್ಲಿ ಸೇರಿದ್ದ ಗಾಯಕರು ಒಪ್ಪಲಿಲ್ಲ. ಕಾರಣವೂ ಇದೆ. ದರ್ಬಾರಿ ಕಾನಡಾದ ಕೋಮಲ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ, ಕೆಳಗಿಳಿದು ತೂಗುತ್ತದೆ. ಅದಕ್ಕೆ ಒಂದು ಮೆಟ್ಟಿಲು ಹಾಕುವುದು ಹೇಗೆ? ವೀಣೆಯವರು ಮೆಟ್ಟಿಲಿನ ಮೇಲೆ ತಂತಿ ಎಳೆದು ನಡುವಿನ ಸ್ವರ ತರುತ್ತಾರೆ. ಸಿತಾರಿನ ಪರ್ದಾ ದಾರದಿಂದ ಕಟ್ಟಿದ್ದು, ರಾಗಕ್ಕೆ ತಕ್ಕಂತೆ ಸರಿಸಬಹುದು. ತುರ್ಕಿಯ ತೋಲ್ಗಹಾನ್ ಚೋವುಲು 2008ರಲ್ಲಿ ಫ್ರೆಟ್ ಸರಿಸಬಹುದಾದ ಗಿಟಾರನ್ನೇ ರೂಪಿಸಿದರು. ಅಂದರೆ ಖಾನ್ ಸಾಹೇಬರ ಕಾಲದ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಸ್ವರದಲ್ಲಿ ಇಷ್ಟು ಹೊಂದಾಣಿಕೆ ಕಂಡವರ ಸಂಸಾರದಲ್ಲಿ ದುಃಖವಿತ್ತು. 1922ರ ಸುಮಾರಿಗೆ ಪತ್ನಿ ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ದೂರವಾದರು. ಆ ಮಕ್ಕಳಲ್ಲಿ ಹೀರಾಬಾಯಿ ಬಡೋದೇಕರ್, ಸುರೇಶಬಾಬು ಮಾನೆ, ಸರಸ್ವತಿ ರಾಣೆ ಮುಂದೆ ದೊಡ್ಡ ಕಲಾವಿದರಾದರು. ತಂದೆಯ ಹೆಸರು ಅವರ ಹೆಸರಿನ ಜೊತೆ ಉಳಿಯಲಿಲ್ಲ, ಆದರೆ ಕಿರಾನಾ ಗಾಯನ ಉಳಿಯಿತು.

1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ಅವರಿಗೆ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್‌ನಲ್ಲಿ ಇಳಿದರು. ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಅಲ್ಲಾಹನನ್ನು ಪ್ರಾರ್ಥಿಸುತ್ತಲೇ ಪ್ರಾಣ ಬಿಟ್ಟರು ಎಂದು ಹೇಳುತ್ತಾರೆ. ಮೀರಜ್‌ನ ಮೀರಾ ಸಾಹೇಬ್ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ. ಅಲ್ಲಿ ಅವರ ನೆನಪಿಗೆ ಸಂಗೀತೋತ್ಸವ ನಡೆಯುತ್ತದೆ.

ಬಾಲಕ ಭೀಮಸೇನ ಜೋಶಿ ಅವರ ರೆಕಾರ್ಡ್ ಕೇಳಿಯೇ ಸಂಗೀತ ಹುಡುಕಿ ಗದಗಿನ ಮನೆ ಬಿಟ್ಟರು. ಕೊನೆಗೆ ಕಲಿತದ್ದು ಕುಂದಗೋಳದಲ್ಲಿ, ಖಾನ್ ಸಾಹೇಬರ ಶಿಷ್ಯರ ಬಳಿಯೇ. ಉರ್ದು ಮಾತಿನ ಕೈರಾನಾದ ವಿದ್ಯೆ ಕನ್ನಡದವರ ಬಾಯಲ್ಲಿ ಬೆಳೆಯಿತು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ ಮಾತಾಡುವ ನನ್ನಂಥವನಿಗೆ ಇದು ಧೈರ್ಯ ಕೊಡುವ ಸಂಗತಿ. ಸ್ವರಕ್ಕೆ ಹೆಸರು ಬೇಕು, ಇಲ್ಲದಿದ್ದರೆ ಇನ್ನೊಬ್ಬರಿಗೆ ಕಲಿಸಲಾಗದು. ಅಳತೆಯೂ ಬೇಕು. ಆದರೆ ಹೆಸರು ಕಲಿತ ಮಾತ್ರಕ್ಕೆ ಸ್ವರ ಸಿಗುವುದಿಲ್ಲ. ಅದಕ್ಕೆ ಅಂಬಾಬಾಯಿಯವರ ಮನೆಯಲ್ಲಿ ಖಾನ್ ಸಾಹೇಬರು ಕೂತ ಹಾಗೆ, ಇನ್ನೊಬ್ಬರದನ್ನು ಕೂತು ಕೇಳುವ ತಾಳ್ಮೆ ಬೇಕು.