ವೈಮಾನಿಕ ಬಿಟ್ಟುಹೋದ ಬುಗಾಟಿ

2017ರ ಜೂನ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಗೆದ್ದಾಗ ಕನ್ನಡಿಗರ ಮನೆಗಳಲ್ಲಿಯೂ ರೋಲ್ಯಾಂಡ್ ಗ್ಯಾರೋಸ್ ಎಂಬ ಹೆಸರು ಕೇಳಿಬಂತು. ಪ್ಯಾರಿಸ್ಸಿನ ಆ ಕೆಮ್ಮಣ್ಣಿನ ಅಂಗಳಕ್ಕೆ ಈ ಹೆಸರಿಟ್ಟದ್ದು 1928ರಲ್ಲಿ. ಗ್ಯಾರೋಸ್ ಹಳೆಯ ಕಾಲದ ಯಾರೋ ಟೆನಿಸ್ ವೀರನಿರಬೇಕೆಂದು ಭಾವಿಸಿದವರೇ ಹೆಚ್ಚು. ಈ ಲೇಖಕನೂ ಬಹುಕಾಲ ಹಾಗೆಯೇ ತಿಳಿದಿದ್ದುಂಟು. ಆದರೆ ಜಗತ್ತು ಆತನನ್ನು ಅರಿತದ್ದು ಟೆನಿಸ್‌ನಿಂದ ಅಲ್ಲವೇ ಅಲ್ಲ. ಆತ ಬದುಕಿದ್ದು ಯಂತ್ರಗಳ ಜೊತೆ, ಸತ್ತದ್ದೂ ಯಂತ್ರದೊಳಗೆ. ಅವನ ಕೈಸೋಕಿದ ಒಂದು ಯಂತ್ರ ಇಂದಿಗೂ ಉಳಿದಿದೆ.

ಅದು ನೆದರ್‌ಲೆಂಡ್ಸ್‌ನ ಹೇಗ್ ನಗರದ ಲೌಮನ್ ಮ್ಯೂಸಿಯಂನಲ್ಲಿರುವ ಒಂದು ಕಪ್ಪು ಕಾರು. ಇಬ್ಬರಷ್ಟೇ ಕೂರಬಹುದಾದ, ಉದ್ದ ಮೂತಿಯ, ಮೇಲ್ಛಾವಣಿಯಿಲ್ಲದ ಬುಗಾಟಿ ಟೈಪ್ 18. 1912ರಿಂದ 1914ರ ನಡುವೆ ಇಂಥವು ಏಳೇ ತಯಾರಾದವು. ಮೂರು ಮಾತ್ರ ಉಳಿದುಬಂದಿವೆ. ಮೋಟಾರು ಯುಗದ ಬಾಲ್ಯಕಾಲದ ಸ್ಪೋರ್ಟ್ಸ್ ಕಾರುಗಳಲ್ಲಿ ಇದಕ್ಕೆ ಸಾಟಿಯಾಗುವಂಥವು ಬೆರಳೆಣಿಕೆಯಷ್ಟು. 2009ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ನಡೆದ ಹರಾಜಿನಲ್ಲಿ ಇದಕ್ಕೆ ಸಿಕ್ಕ ಬೆಲೆ ಸುಮಾರು 24 ಲಕ್ಷ ಯೂರೊ. 1913ರಲ್ಲಿ ಇದನ್ನು ಕಾರ್ಖಾನೆಯಿಂದ ಕೊಂಡವನು ರೋಲ್ಯಾಂಡ್ ಗ್ಯಾರೋಸ್. ಆಗ ಅವನಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

ಗ್ಯಾರೋಸ್ ಹುಟ್ಟಿದ್ದು 1888ರ ಅಕ್ಟೋಬರ್ 6ರಂದು, ಫ್ರಾನ್ಸ್‌ನಲ್ಲಿ ಅಲ್ಲ, ನಮ್ಮದೇ ಹಿಂದೂ ಮಹಾಸಾಗರದಲ್ಲಿರುವ ರಿಯೂನಿಯನ್ ದ್ವೀಪದ ಸೇಂಟ್ ಡೆನಿಸ್ ಊರಿನಲ್ಲಿ. ತಂದೆ ವಕೀಲರು. ಮಗು ನಾಲ್ಕು ವರ್ಷದ್ದಿರುವಾಗ ಕುಟುಂಬ ಆಗಿನ ಫ್ರೆಂಚ್ ವಸಾಹತು ಸೈಗಾನ್‌ಗೆ ಹೋಯಿತು. ಹನ್ನೆರಡರ ಆಸುಪಾಸಿನಲ್ಲಿ ಹುಡುಗನನ್ನು ಓದಿಗೆಂದು ಒಬ್ಬನನ್ನೇ ಫ್ರಾನ್ಸ್‌ಗೆ ಕಳುಹಿಸಿದರು. ಪ್ಯಾರಿಸ್ಸಿನ ಚಳಿ ಅವನ ಎಳೆಯ ಎದೆಗೆ ಒಗ್ಗಲಿಲ್ಲ, ನ್ಯುಮೋನಿಯಾ ತಗುಲಿತು. ಚೇತರಿಕೆಗೆಂದು ದಕ್ಷಿಣದ ಕಡಲತೀರಕ್ಕೆ ಹೋದವನು ಅಲ್ಲಿ ಸೈಕಲ್ ಹಿಡಿದ. ಉಸಿರು ಕಟ್ಟುತ್ತಿದ್ದ ಹುಡುಗ 1906ರಲ್ಲಿ ಶಾಲಾ ಬಾಲಕರ ಸೈಕಲ್ ಸ್ಪರ್ಧೆಯಲ್ಲಿ ಫ್ರಾನ್ಸ್‌ಗೇ ಮೊದಲಿಗನಾದ. ತಂದೆಗೆ ತಿಳಿಯದಿರಲೆಂದು ಸ್ಪರ್ಧೆಗಿಳಿದದ್ದು ‘ದಾನ್ಲೋರ್’ ಎಂಬ ಹೆಸರಿನಲ್ಲಿ. ರೋಲ್ಯಾಂಡ್ ಎಂಬುದರ ಅಕ್ಷರಗಳನ್ನೇ ಅತ್ತಿತ್ತ ಮಾಡಿ ಕಟ್ಟಿಕೊಂಡ ಹೆಸರದು.

ಮಗನೂ ವಕೀಲನಾಗಲಿ ಎಂಬುದು ತಂದೆಯ ಬಯಕೆ. ಮಗ ಸೇರಿದ್ದು ಪ್ಯಾರಿಸ್ಸಿನ ಹೆಸರಾಂತ ವಾಣಿಜ್ಯ ಕಾಲೇಜನ್ನು. 1908ರಲ್ಲಿ ಅಲ್ಲಿಂದ ಹೊರಬಂದವನು ಗ್ರೆಗ್ವಾರ್ ಎಂಬ ಕಾರು ಕಂಪನಿಗೆ ಸೇರಿದ. ಸ್ವಲ್ಪ ದಿನಗಳಲ್ಲೇ ಪ್ಯಾರಿಸ್ಸಿನ ವಿಜಯ ಕಮಾನಿನ ಸಮೀಪ ತನ್ನದೇ ಹೆಸರಿನ ಕಾರು ಮಳಿಗೆ ತೆರೆದ. ಮಾರುತ್ತಿದ್ದದ್ದು ಸ್ಪೋರ್ಟ್ಸ್ ಕಾರುಗಳನ್ನು. ಕಾರೆಂದರೆ ಶ್ರೀಮಂತರ ಬೀದಿಗೂ ಅಪರೂಪವಾಗಿದ್ದ ಕಾಲದಲ್ಲಿ ವೇಗಕ್ಕೆಂದೇ ಮಾಡಿದ ಕಾರನ್ನು ಮಾರಾಟಕ್ಕಿಡುವುದು ಇಪ್ಪತ್ತೊಂದರ ಯುವಕನೊಬ್ಬನ ಧೈರ್ಯವೇ ಸರಿ. ವ್ಯಾಪಾರ ನಡೆಯಿತು. ಅದೇ ದಾರಿಯಲ್ಲಿ ಸಾಗಿದ್ದರೆ ಅವನು ಸುಖವಾಗಿ ಮುದುಕನಾಗುತ್ತಿದ್ದನೇನೋ.

1909ರ ಆಗಸ್ಟ್‌ನಲ್ಲಿ ರೈಮ್ಸ್ ಪಟ್ಟಣದ ಬಯಲಿನಲ್ಲಿ ಜಗತ್ತಿನ ಮೊದಲ ದೊಡ್ಡ ವಿಮಾನ ಮೇಳ ನಡೆಯಿತು. ಗ್ಯಾರೋಸ್ ನೋಡಲು ಹೋದ. ಹಿಂದಿರುಗಿದವನಿಗೆ ಕಾರು ಮಳಿಗೆ ಸಾಲದಾಯಿತು. ಬ್ರೆಜಿಲ್ ಮೂಲದ ಸ್ಯಾಂಟೋಸ್ ಡುಮಾಂಟ್ ರೂಪಿಸಿದ ‘ದೆಮ್ವಾಜೆಲ್’ ಎಂಬ ಪುಟ್ಟ ವಿಮಾನವನ್ನು ಕೊಂಡುಕೊಂಡ. ಬಿದಿರು, ಬಟ್ಟೆ, ತಂತಿಗಳ ಆ ಜೋಡಣೆಯನ್ನು ವಿಮಾನವೆನ್ನುವುದಕ್ಕಿಂತ ಎಂಜಿನ್ ಕಟ್ಟಿದ ಗಾಳಿಪಟ ಎನ್ನುವುದೇ ಸರಿ. ಬಹುಪಾಲು ತಾನೇ ಬಿದ್ದು, ಎದ್ದು ಕಲಿತು 1910ರಲ್ಲಿ ಪರವಾನಗಿ ಪಡೆದ. ಅದರ ಸಂಖ್ಯೆ 147. ಅದೇ ವರ್ಷ ಅಮೆರಿಕಕ್ಕೆ ಹೋಗಿ ಮೊಯ್ಸಾಂಟ್ ಸೋದರರ ಹಾರಾಟದ ತಂಡ ಸೇರಿ ಊರೂರು ಸುತ್ತಿದ. ಮೆಕ್ಸಿಕೊ, ಕ್ಯೂಬಾಗಳಲ್ಲೂ ಹಾರಿದ. ನಮ್ಮ ಕಂಪನಿ ನಾಟಕಗಳಂತೆ ಅದೂ ಒಂದು ತಿರುಗಾಟದ ಬದುಕು. ತಂಡದ ನಾಯಕ ಜಾನ್ ಮೊಯ್ಸಾಂಟ್ 1910ರ ವರ್ಷದ ಕೊನೆಯ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ವಿಮಾನದಿಂದ ಬಿದ್ದು ಸತ್ತರೂ ತಂಡ ನಿಲ್ಲಲಿಲ್ಲ.

1911ರ ಮಹಾಸ್ಪರ್ಧೆಗಳಲ್ಲಿ ಗ್ಯಾರೋಸ್‌ಗೆ ದಕ್ಕಿದ್ದು ಎರಡನೆಯ ಸ್ಥಾನಗಳು. ಪ್ಯಾರಿಸ್‌ನಿಂದ ರೋಮ್‌ಗೆ ಎರಡನೆಯವನು, ಯುರೋಪ್ ಸುತ್ತಿನಲ್ಲೂ ಎರಡನೆಯವನು. 1912ರ ಜೂನ್‌ನಲ್ಲಿ ಆಂಜೂ ಪ್ರಾಂತದ ಸ್ಪರ್ಧೆಯ ದಿನ ಬಿರುಗಾಳಿ ಎದ್ದು ಬಹಳ ಮಂದಿ ಹಿಂದೆ ಸರಿದಾಗ ಅವನು ಹಾರಿಯೇಬಿಟ್ಟ, ಗೆದ್ದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂನಿಸ್‌ನ ಆಕಾಶದಲ್ಲಿ 5,610 ಮೀಟರ್ ಎತ್ತರಕ್ಕೇರಿ ವಿಶ್ವದಾಖಲೆ ಬರೆದ. ಇಷ್ಟು ಹೊತ್ತಿಗೆ ಅವನ ಬಳಿ ಹಣವೂ ಇತ್ತು, ಹೆಸರೂ ಇತ್ತು. ತನಗೆ ಒಪ್ಪುವ ಕಾರೊಂದನ್ನು ಕೊಳ್ಳುವ ಆಸೆಯೂ ಇತ್ತು.

ಅಂಥ ಕಾರನ್ನು ಮಾಡಬಲ್ಲವನು ಎತ್ತೋರೆ ಬುಗಾಟಿ. ಮಿಲಾನ್‌ನಲ್ಲಿ 1881ರಲ್ಲಿ ಹುಟ್ಟಿದ, ಕಲಾವಿದರ ಮನೆತನದ ಬುಗಾಟಿ 1909ರಲ್ಲಿ ಆಲ್ಸೇಸ್ ಪ್ರಾಂತದ ಮೋಲ್ಸ್‌ಹೈಮ್‌ನಲ್ಲಿ ಕಾರ್ಖಾನೆ ತೆರೆದಿದ್ದ. ಹಗುರವಾದ, ಪುಟ್ಟ ಎಂಜಿನ್ನಿನ, ಆದರೂ ದೊಡ್ಡ ಕಾರುಗಳನ್ನು ಹಿಂದಿಕ್ಕುವ ಕಾರುಗಳಿಂದ ಹೆಸರಾದವನು. ಟೈಪ್ 18 ಆ ಮಾತಿಗೆ ಅಪವಾದ. ಅದರದು ಐದು ಲೀಟರ್‌ನ, ನಾಲ್ಕೇ ಸಿಲಿಂಡರ್‌ಗಳ ಭಾರೀ ಎಂಜಿನ್. ಪ್ರತಿ ಸಿಲಿಂಡರ್‌ಗೂ ಮೂರು ವಾಲ್ವ್, ಒಳಬರಲು ಎರಡು, ಹೊರಹೋಗಲು ಒಂದು. ಅವನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಎಂಜಿನ್ನಿನ ತಲೆಯ ಮೇಲೆ. ಇಂಥ ಏರ್ಪಾಡು ಸಾಮಾನ್ಯ ಕಾರುಗಳಿಗೆ ಬರಲು ದಶಕಗಳೇ ಹಿಡಿದವು. ಆದರೆ ಆ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುತ್ತಿದ್ದದ್ದು ಸೈಕಲ್‌ನಲ್ಲಿರುವಂಥ ಸರಪಳಿ, ಎರಡೂ ಬದಿಗೆ ಒಂದೊಂದು. ತಲೆ ನಾಳೆಯದು, ಕಾಲು ನಿನ್ನೆಯದು. ಸುಮಾರು ನೂರು ಅಶ್ವಶಕ್ತಿ, ಗಂಟೆಗೆ 160 ಕಿ.ಮೀ. ವೇಗ, ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. 1912ರಲ್ಲಿ ಬುಗಾಟಿ ತಾನೇ ಇಂಥದೊಂದನ್ನು ಓಡಿಸಿಕೊಂಡು ಮೋಂ ವಾಂತು ಬೆಟ್ಟ ಹತ್ತುವ ಸ್ಪರ್ಧೆಗೂ ಇಳಿದಿದ್ದ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1871ರ ಸೋಲಿನ ಬಳಿಕ ಆಲ್ಸೇಸ್ ಫ್ರಾನ್ಸ್‌ನ ಕೈತಪ್ಪಿ ಜರ್ಮನಿಗೆ ಸೇರಿತ್ತು. ಅಂದರೆ ಫ್ರಾನ್ಸ್‌ನ ಕಣ್ಮಣಿಯಾದ ವೈಮಾನಿಕ ತನ್ನ ಕಾರು ಕೊಂಡದ್ದು ಇಟಲಿಯವನೊಬ್ಬನಿಂದ, ಜರ್ಮನಿಯ ನೆಲದಲ್ಲಿ. 1913ರಲ್ಲಿ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ಗಿರಾಕಿ, ತಯಾರಕ ಇಬ್ಬರೂ ಗೆಳೆಯರಾದರು.

ಪ್ಯಾರಿಸ್ಸಿನ ಲಾಬೂರ್ದೆತ್ ಕಂಪನಿ ಮೈಕಟ್ಟು ಕೂಡಿಸಿದ ಆ ಕಾರು ಗ್ಯಾರೋಸ್‌ನ ಕೈಸೇರಿದ್ದು 1913ರ ಸೆಪ್ಟೆಂಬರ್ 18ರಂದು. ಐದೇ ದಿನ ಕಳೆದು, ಸೆಪ್ಟೆಂಬರ್ 23ರ ಬೆಳಗಿನ ಜಾವ, ಅವನು ಫ್ರಾನ್ಸ್‌ನ ದಕ್ಷಿಣ ತೀರದ ಫ್ರೆಜೂಸ್‌ನಿಂದ ಮೊರಾನ್-ಸೋಲ್ನಿಯೇ ವಿಮಾನದಲ್ಲಿ ಒಬ್ಬನೇ ಹೊರಟ. ಗುರಿ, ಮೆಡಿಟರೇನಿಯನ್ ಸಮುದ್ರದಾಚೆಯ ಟ್ಯುನೀಸಿಯ. ನೀರಿನ ಮೇಲೆ ತೇಲುವ ಸಾಧನವಿಲ್ಲ, ರೇಡಿಯೊ ಇಲ್ಲ. ದಾರಿಯಲ್ಲಿ ಎಂಜಿನ್ ಕೈಕೊಡುವ ಸೂಚನೆ ತೋರಿತು. ಕಾರ್ಸಿಕಾದಲ್ಲೋ ಸಾರ್ಡೀನಿಯಾದಲ್ಲೋ ಇಳಿಯಬಹುದಿತ್ತು, ಇಳಿಯಲಿಲ್ಲ. ಏಳು ಗಂಟೆ ಐವತ್ತಮೂರು ನಿಮಿಷಗಳ ನಂತರ ಬಿಜೆರ್ತ್‌ನಲ್ಲಿ ನೆಲ ಮುಟ್ಟಿದಾಗ ಟ್ಯಾಂಕಿನಲ್ಲಿ ಉಳಿದದ್ದು ಐದು ಲೀಟರ್ ಪೆಟ್ರೋಲ್. ಎಲ್ಲಿಯೂ ಇಳಿಯದೆ ಮೆಡಿಟರೇನಿಯನ್ ದಾಟಿದ ಮೊದಲಿಗ ಅವನು. ಲೆಕ್ಕ ಹಾಕಿದರೆ ಆ ಪಯಣದ ಸರಾಸರಿ ವೇಗ ಗಂಟೆಗೆ ಸುಮಾರು ನೂರು ಕಿ.ಮೀ. ಇತಿಹಾಸ ನಿರ್ಮಿಸಿದ ವಿಮಾನಕ್ಕಿಂತ ಅವನ ಹೊಸ ಕಾರೇ ವೇಗವಾಗಿ ಓಡಬಲ್ಲದಾಗಿತ್ತು!

ಆ ಕಾರನ್ನು ಅವನು ನೆಮ್ಮದಿಯಾಗಿ ಓಡಿಸಲು ಸಿಕ್ಕಿದ್ದು ಒಂದು ವರ್ಷವೂ ಅಲ್ಲ. 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಗ್ಯಾರೋಸ್ ಜರ್ಮನ್ನರ ವಾಯುನೌಕೆಗೆ ತನ್ನ ವಿಮಾನವನ್ನೇ ಡಿಕ್ಕಿ ಹೊಡೆಸಿ ವೀರಮರಣವನ್ನಪ್ಪಿದನೆಂಬ ಸುದ್ದಿ ಮೊದಲ ದಿನಗಳಲ್ಲೇ ಪತ್ರಿಕೆಗಳಲ್ಲಿ ಬಂತು. ಅದು ಶುದ್ಧ ಸುಳ್ಳು. ಯುದ್ಧಕಾಲದ ಪತ್ರಿಕೆಗಳಿಗೆ ವೀರರು ಬೇಕಾಗುತ್ತಾರೆ. ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ಆಮೇಲಿನ ಮಾತು.

ಬದುಕಿದ್ದ ಗ್ಯಾರೋಸ್‌ನನ್ನು ಕಾಡುತ್ತಿದ್ದದ್ದು ಬೇರೆಯೇ ಸಮಸ್ಯೆ. ವಿಮಾನದಿಂದ ಗುರಿಯಿಟ್ಟು ಗುಂಡು ಹಾರಿಸಬೇಕೆಂದರೆ ಪೈಲಟ್ ನೇರ ಮುಂದಕ್ಕೇ ಹಾರಿಸಬೇಕು. ಆದರೆ ಮುಂದೆ ತಿರುಗುತ್ತಿರುವುದು ತನ್ನದೇ ಪ್ರೊಪೆಲ್ಲರ್. ಅಲಗುಗಳ ನಡುವಿನ ಬಿಡುವಿನಲ್ಲಷ್ಟೇ ಗುಂಡು ಹೊರಡುವಂತೆ ಮಾಡುವ ಯಂತ್ರವನ್ನು ಮೊರಾನ್-ಸೋಲ್ನಿಯೇ ಕಂಪನಿ ಪ್ರಯತ್ನಿಸಿ ನೋಡಿತ್ತು. ಕೆಲವು ಗುಂಡುಗಳು ಕ್ಷಣ ತಡವಾಗಿ ಸಿಡಿಯುತ್ತಿದ್ದವಾದ್ದರಿಂದ ಅದು ನಂಬುವಂತಿರಲಿಲ್ಲ. ಗ್ಯಾರೋಸ್ ತನ್ನ ಮೆಕ್ಯಾನಿಕ್ ಜೂಲ್ ಉಯೆ ಜೊತೆ ಸೇರಿ ಹಿಡಿದದ್ದು ಒರಟಾದ ದಾರಿ. ಅಲಗುಗಳಿಗೆ ಗುಂಡು ತಗುಲುವ ಜಾಗದಲ್ಲಿ ಬೆಣೆಯಾಕಾರದ ಉಕ್ಕಿನ ತುಂಡುಗಳನ್ನು ಕಟ್ಟಿದರು. ಬಹುಪಾಲು ಗುಂಡುಗಳು ಸಂದಿಯಲ್ಲಿ ನುಗ್ಗಿ ಹೋಗುತ್ತವೆ. ತಗುಲಿದ ಕೆಲವು ಬೆಣೆಗೆ ಬಡಿದು ಪಕ್ಕಕ್ಕೆ ಚಿಮ್ಮುತ್ತವೆ. ಕಾರು ಮಳಿಗೆಯಲ್ಲಿ ಯಂತ್ರದೊಡನೆ ಗುದ್ದಾಡಿದವನಿಗೆ ಹೊಳೆಯಬಹುದಾದ ಉಪಾಯವೇ ಅದು.

1915ರ ಏಪ್ರಿಲ್ 1ರಂದು ಅವನು ಮೊದಲ ಶತ್ರು ವಿಮಾನವನ್ನು ಉರುಳಿಸಿದ. ಏಪ್ರಿಲ್ 18ರ ಹೊತ್ತಿಗೆ ಮೂರು. ಅದೇ ದಿನ ಬೆಲ್ಜಿಯಂನ ನೆಲದ ಮೇಲೆ ಎಂಜಿನ್ ನಿಂತು ಜರ್ಮನ್ನರ ವಶದಲ್ಲಿದ್ದ ಜಾಗದಲ್ಲಿ ಇಳಿಯಬೇಕಾಯಿತು. ವಿಮಾನಕ್ಕೆ ಬೆಂಕಿ ಹಚ್ಚಲು ನೋಡಿದ, ಪೂರ್ತಿ ಸುಡಲಿಲ್ಲ. ಗನ್ನು, ಬೆಣೆ ಕಟ್ಟಿದ ಪ್ರೊಪೆಲ್ಲರ್ ಎರಡೂ ಶತ್ರುವಿನ ಕೈಸೇರಿದವು. ಜರ್ಮನ್ನರು ಅವನ್ನು ವಿಮಾನ ತಯಾರಕ ಆಂಟನಿ ಫೋಕರ್‌ಗೆ ತೋರಿಸಿದರು. ಫೋಕರ್‌ನ ತಂಡ ಬೆಣೆಯನ್ನು ಬಿಟ್ಟು, ಪ್ರೊಪೆಲ್ಲರ್‌ನ ಗತಿಗೆ ಗನ್ನನ್ನು ಹೊಂದಿಸುವ ಯಂತ್ರವನ್ನೇ ಸರಿಪಡಿಸಿ ಕೆಲವೇ ವಾರಗಳಲ್ಲಿ ಅಳವಡಿಸಿತು. ಅಂಥ ಯಂತ್ರದ ಕಲ್ಪನೆ ಅಲ್ಲಿ ಮೊದಲೇ ಇತ್ತೆಂಬುದು ನಿಜ. ಆದರೆ ಅದಕ್ಕೆ ಅವಸರ ಹುಟ್ಟಿಸಿದ್ದು ಗ್ಯಾರೋಸ್‌ನ ಸುಡದ ವಿಮಾನ. ಆ ಬೇಸಗೆಯಿಂದ 1916ರ ಆರಂಭದವರೆಗೆ ಫೋಕರ್ ವಿಮಾನಗಳು ಫ್ರೆಂಚ್, ಬ್ರಿಟಿಷ್ ಪೈಲಟ್‌ಗಳನ್ನು ಒಬ್ಬೊಬ್ಬರನ್ನಾಗಿ ಕೆಡವಿದವು. ಸೆರೆಯಲ್ಲಿದ್ದ ಗ್ಯಾರೋಸ್‌ಗೆ ಅದರ ಸುದ್ದಿ ಮುಟ್ಟಿದಾಗ ಏನನ್ನಿಸಿರಬಹುದು?

ಸೆರೆವಾಸ ಸುಮಾರು ಮೂರು ವರ್ಷ. 1918ರ ಫೆಬ್ರುವರಿಯಲ್ಲಿ ಆನ್ಸೆಲ್ಮ್ ಮಾರ್ಶಲ್ ಎಂಬ ಇನ್ನೊಬ್ಬ ವೈಮಾನಿಕನೊಡನೆ ಜರ್ಮನ್ ಅಧಿಕಾರಿಗಳ ವೇಷ ತೊಟ್ಟು ಮಾಗ್ಡೆಬರ್ಗ್ ಶಿಬಿರದಿಂದ ತಪ್ಪಿಸಿಕೊಂಡ. ಹಾಲೆಂಡ್, ಲಂಡನ್ ದಾಟಿ ಮನೆ ಸೇರಿದ. ಆರೋಗ್ಯ ಕುಸಿದಿತ್ತು. ದೂರದೃಷ್ಟಿ ಮಂದವಾಗಿತ್ತು, ಅದನ್ನು ಮುಚ್ಚಿಟ್ಟು, ಗುಟ್ಟಾಗಿ ಕನ್ನಡಕ ಮಾಡಿಸಿಕೊಂಡ. ಇನ್ನು ಹಾರುವುದು ಬೇಡ, ಸಲಹೆಗಾರನಾಗಿರು ಎಂದರೂ ಕೇಳಲಿಲ್ಲ. ಅವನು ಬಿಟ್ಟುಹೋದ ಆಕಾಶವೇ ಈಗ ಇರಲಿಲ್ಲ. 1915ರಲ್ಲಿ ಒಬ್ಬಂಟಿಯಾಗಿ ಬೇಟೆಯಾಡುತ್ತಿದ್ದ ಜಾಗದಲ್ಲಿ ಈಗ ಹಿಂಡು ಹಿಂಡಾಗಿ, ಎರಡು ಪಟ್ಟು ವೇಗದ ವಿಮಾನಗಳು ಹೋರಾಡುತ್ತಿದ್ದವು. ಮೂವತ್ತರ ಅಂಚಿನಲ್ಲಿದ್ದ ಪ್ರಖ್ಯಾತ ವೀರ ಮತ್ತೆ ವಿದ್ಯಾರ್ಥಿಯಾಗಿ ಕಲಿತ. 1918ರ ಅಕ್ಟೋಬರ್ 2ರಂದು ನಾಲ್ಕನೆಯ ಗೆಲುವು. ಅಕ್ಟೋಬರ್ 5ರಂದು, ಮೂವತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಆರ್ದೆನ್ ಪ್ರಾಂತದ ವೂಜಿಯೇ ಬಳಿ ಅವನ ವಿಮಾನ ಉರುಳಿತು. ಹೊಡೆದದ್ದು ಫೋಕರ್ ವಿಮಾನವೆಂದೇ ನಂಬಲಾಗಿದೆ. ಯುದ್ಧ ನಿಲ್ಲಲು ಆಗ ಉಳಿದಿದ್ದದ್ದು ಐದು ವಾರ.

ಗ್ಯಾರೋಸ್‌ನನ್ನು ಅನೇಕರು ‘ಏಸ್’ ಎಂದು ಬಣ್ಣಿಸುತ್ತಾರೆ. ಆ ಬಿರುದಿಗೆ ಐದು ವಿಮಾನ ಉರುಳಿಸಿರಬೇಕು. ಅವನ ಲೆಕ್ಕ ನಾಲ್ಕಕ್ಕೇ ನಿಂತಿತು. ಟೆನಿಸ್ ಅಂಗಳದಲ್ಲಿ ಇಂದು ಅವನ ಹೆಸರಿನಡಿ ದಿನಕ್ಕೆ ನೂರಾರು ಏಸ್‌ಗಳು ಬೀಳುತ್ತವೆ ಎಂಬುದು ಬೇರೆ ಮಾತು.

ಆ ಅಂಗಳಕ್ಕೆ ಅವನ ಹೆಸರು ಬಂದದ್ದಕ್ಕೆ ಯಾವ ಸಮಿತಿಯ ಗಹನ ಚಿಂತನೆಯೂ ಕಾರಣವಲ್ಲ, ಒಬ್ಬ ಗೆಳೆಯನ ಹಟ ಕಾರಣ. 1927ರಲ್ಲಿ ಫ್ರಾನ್ಸ್ ಡೇವಿಸ್ ಕಪ್ ಗೆದ್ದಿತು; ಮರುವರ್ಷ ಅದನ್ನು ತವರಿನಲ್ಲಿ ಉಳಿಸಿಕೊಳ್ಳಲು ಹೊಸ ಕ್ರೀಡಾಂಗಣ ಬೇಕಾಯಿತು. ಜಾಗ ಒದಗಿಸಿದ ಸ್ತಾದ್ ಫ್ರಾಂಸೇ ಕ್ಲಬ್ಬಿನ ಅಧ್ಯಕ್ಷ ಎಮಿಲ್ ಲೆಸ್ಯೂರ್, ವಾಣಿಜ್ಯ ಕಾಲೇಜಿನಲ್ಲಿ ಗ್ಯಾರೋಸ್‌ನ ಸಹಪಾಠಿ. ಅವನನ್ನು ಆ ಕ್ಲಬ್ಬಿಗೆ ಸೇರಿಸಿದವನೂ ಅವನೇ. ಸತ್ತ ಗೆಳೆಯನ ಹೆಸರಿಡದ ಹೊರತು ಒಪ್ಪುವುದಿಲ್ಲವೆಂದು ಪಟ್ಟು ಹಿಡಿದ. ರಿಯೂನಿಯನ್ ದ್ವೀಪದ ವಿಮಾನ ನಿಲ್ದಾಣಕ್ಕೂ ಅವನ ಹೆಸರಿದೆ. ಅಲ್ಲಿ ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಗೆಳೆತನವನ್ನು ಬುಗಾಟಿಯೂ ಮರೆಯಲಿಲ್ಲ. 1922ರಲ್ಲಿ ಹುಟ್ಟಿದ ಮಗನಿಗೆ ರೋಲ್ಯಾಂಡ್ ಎಂದೇ ಹೆಸರಿಟ್ಟ.

ಅದೇ 1922ರಲ್ಲಿ, ಕಾರು ಇಂಗ್ಲೆಂಡಿನಲ್ಲಿತ್ತು. ಯುದ್ಧದ ನಂತರ ಸನ್‌ಬೀಮ್ ಕಂಪನಿಯ ಎಂಜಿನಿಯರ್ ಲೂಯಿ ಕೋಟಲೆನ್ ಅದನ್ನು ಕೊಂಡಿದ್ದರು. ಅವರ ನಂತರ ಅದು ಬಂದದ್ದು ಐವಿ ಕಮಿಂಗ್ಸ್ ಎಂಬ ಇಪ್ಪತ್ತರ ಹರೆಯದ ತರುಣಿಯ ಕೈಗೆ. ಹೆಂಗಸರು ಕಾರು ಓಡಿಸುವುದೇ ಸುದ್ದಿಯಾಗುತ್ತಿದ್ದ ಕಾಲದಲ್ಲಿ ಆಕೆ ಈ ಸರಪಳಿಯ ಕಾರನ್ನು ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ, ಬೆಟ್ಟದ ಏರುಗಳಲ್ಲಿ ಓಡಿಸಿ ಗಂಡಸರಿಗೆ ಸವಾಲಾದಳು. ದರೋಡೆಕೋರ ಡಿಕ್ ಟರ್ಪಿನ್‌ನ ದಂತಕಥೆಯ ಕಪ್ಪು ಕುದುರೆಯನ್ನು ನೆನೆದು ಅದಕ್ಕೆ ‘ಬ್ಲ್ಯಾಕ್ ಬೆಸ್’ ಎಂಬ ಹೆಸರು ಕೊಟ್ಟವಳೂ ಅವಳೇ. ಹೇಗ್‌ನ ಮ್ಯೂಸಿಯಂನಲ್ಲಿ ಇಂದು ಕಾರು ನಿಂತಿರುವುದು ಆ ಹೆಸರಿನಿಂದಲೇ.